ಹಿಂದೆ ಹನ್ನೆರಡು ಜನ ಕೂತಿದ್ದಾರೆ

ಅಪ್ಪ ಹಾರಲಿಲ್ಲ. ಅಲ್ಲಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಈ ಒಂದು ವಿಷಯದಲ್ಲಿ ನಮ್ಮ ಮನೆಯಲ್ಲಿ ಯಾರ ತಕರಾರೂ ಇಲ್ಲ.

ವಿಡಿಯೋ ಗೇಮಿನ ಹೀರೋ ಹಾರಬಲ್ಲವನಾಗಿದ್ದ. ಬೂದು ಬಣ್ಣದ ಜಾಕೆಟ್ಟು, ಕಣ್ಣಿಗೊಂದು ಕಪ್ಪು ಪಟ್ಟಿ, ಎರಡೂ ಕೈಗೆ ಕಬ್ಬಿಣದ ಗವಸು. ಒಂದು ಬಟನ್ ಒತ್ತಿ ಹಿಡಿದು ಬಿಟ್ಟರೆ ಇಪ್ಪತ್ತು ಅಂತಸ್ತಿನ ಕಟ್ಟಡದ ನೆತ್ತಿಗೆ ಒಂದೇ ನೆಗೆತ. ರಸ್ತೆಯಲ್ಲಿ ಹೋಗುತ್ತಿರುವ ಕಾರನ್ನು ಎತ್ತಿ ಇನ್ನೊಂದು ಕಾರಿನ ಮೇಲೆ ಬಿಸಾಕುವಷ್ಟು ಶಕ್ತಿ. ಎಲ್ಲಿಗೆ ಬೇಕಾದರೂ ಹೋಗಬಹುದು, ಏನನ್ನು ಬೇಕಾದರೂ ಒಡೆಯಬಹುದು. ಒಂದು ಇಡೀ ಊರನ್ನು ಬೀಗ ಹಾಕದೆ ನಮ್ಮ ಕೈಗೆ ಕೊಟ್ಟಿದ್ದರು. ಅಂಥ ಊರಲ್ಲಿ ಅಂಥ ಮನುಷ್ಯನನ್ನು ಅಪ್ಪ ಏನು ಮಾಡಿದ? ಮೂಲೆಯಲ್ಲಿ ನಿಂತಿದ್ದ ಒಂದು ವ್ಯಾನಿನ ಹತ್ತಿರ ನಡೆಸಿಕೊಂಡು ಹೋದ, ಡ್ರೈವರ್ ಸೀಟಿನಲ್ಲಿ ಕೂರಿಸಿದ, ಆಮೇಲೆ ನನ್ನ ಕಡೆ ತಿರುಗಿ ಕೇಳಿದ.

"ಇಂಡಿಕೇಟರ್ ಯಾವ ಬಟನ್ನು ಮಗಾ?"

"ಇಂಡಿಕೇಟರ್ ಇಲ್ಲಪ್ಪಾ."

"ಇಷ್ಟು ದೊಡ್ಡ ಊರು ಕಟ್ಟವ್ರೆ, ಒಂದು ಇಂಡಿಕೇಟರ್ ಹಾಕಕ್ಕೆ ಆಗ್ಲಿಲ್ವಾ?"

ನಮ್ಮ ಮನೆ ಕೊಡಿಗೇಹಳ್ಳಿಯಲ್ಲಿತ್ತು, ಒಂದು ವ್ಯಾನ್ ನಿಂತರೆ ಮತ್ತೇನೂ ಹೋಗಲಾಗದ ಬೀದಿಯಲ್ಲಿ. ನಾನು ಒಂಬತ್ತನೇ ಕ್ಲಾಸು, ಅಕ್ಕ ಪಿಯುಸಿ. ಯಾವ ವರ್ಷ ಎಂದು ಬರೆಯಲು ಹೋಗಿ ಎರಡು ಸಲ ಹೊಡೆದುಹಾಕಿದೆ. ಮೆಟ್ರೋ ಯಶವಂತಪುರದ ತನಕ ಬಂದಿರಲಿಲ್ಲ ಎನ್ನುತ್ತೇನೆ ನಾನು. ಬಂದಾಗಿತ್ತು ಎನ್ನುತ್ತಾಳೆ ಅಕ್ಕ. ಇದನ್ನು ಬರೆಯುವಾಗ ಅವಳಿಗೆ ಆಗಾಗ ಫೋನ್ ಮಾಡುತ್ತಿದ್ದೇನೆ. ಅವಳು ಮಾಡುವ ಸಹಾಯ ಎಂದರೆ ಪ್ರತಿ ಸಲವೂ ಒಂದು ಸಾಲನ್ನು ಕೆಡಿಸುವುದು.

ಗೇಮ್ ಬಂದದ್ದು ಸೋದರಮಾವನಿಂದ. ಅವನು ಮನೆ ಸಾಮಾನು ಸಾಗಿಸುವ ಕೆಲಸದಲ್ಲಿದ್ದ. ಯಲಹಂಕದ ಒಂದು ಫ್ಲ್ಯಾಟು ಖಾಲಿ ಮಾಡಿದವರು ಬೇಡವೆಂದು ಬಿಟ್ಟುಹೋದ ಆಟದ ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಸುತ್ತಿ ತಂದುಕೊಟ್ಟ. ಒಳಗೆ ಒಂದೇ ಡಿಸ್ಕು. ಆದ್ದರಿಂದ ನಮ್ಮ ಪಾಲಿಗೆ ವಿಡಿಯೋ ಗೇಮ್ ಎಂದರೆ ಅದೊಂದೇ: ಗವಸಿನ ಹೀರೋ, ಸಮುದ್ರದ ದಡದ ಆ ಊರು, ಜೀಪಿನ ತಲೆಯ ಮೇಲೆ ಗನ್ನು ಕಟ್ಟಿಕೊಂಡು ಸುತ್ತುವ ದುಷ್ಟರು. ಆರು ತಿಂಗಳು ನಾನೊಬ್ಬಳೇ ಆಡಿದೆ. ಎಷ್ಟೋ ಸೇತುವೆಗಳನ್ನು ಉರುಳಿಸಿದೆ. ಆಮೇಲೆ ಅಪ್ಪ ಬಂದು ಪಕ್ಕದಲ್ಲಿ ಕೂತ.

ಅಪ್ಪ ಯಾಕೆ ಬಂದು ಕೂತ ಎಂಬುದನ್ನು ಹೇಳಬೇಕು.

ಅವನು ಸ್ಕೂಲ್ ವ್ಯಾನ್ ಓಡಿಸುತ್ತಿದ್ದ. ಸ್ವಂತ ವ್ಯಾನು. ಹುಣಸಮಾರನಹಳ್ಳಿಯಲ್ಲಿ ನಮ್ಮಜ್ಜಿಗಿದ್ದ ಹೊಲದ ತುಂಡು ಹೋಗಿ ಆ ವ್ಯಾನು ಬಂದಿತ್ತು. ಹಾಗಾಗಿ ಅಜ್ಜಿ ಅದನ್ನು ವ್ಯಾನ್ ಎಂದು ಕರೆದದ್ದೇ ಇಲ್ಲ, "ಒಲ ಎಲ್ ನಿಂತೈತೆ?" ಎಂದೇ ಕೇಳುತ್ತಿದ್ದಳು. ಒಂದು ಮಧ್ಯಾಹ್ನ ಮಕ್ಕಳನ್ನು ತುಂಬಿಕೊಂಡು ಬರುವಾಗ ಹೆಬ್ಬಾಳದ ಫ್ಲೈಓವರ್ ಕೆಳಗಿನ ಸರ್ವಿಸ್ ರಸ್ತೆಯಲ್ಲಿ ಎಡದಿಂದ ಒಂದು ಸ್ಕೂಟರು ನುಗ್ಗಿತು. ವ್ಯಾನಿನ ಬಂಪರು ಅದಕ್ಕೆ ತಾಗಿತು. ಸ್ಕೂಟರಿನವನು ಬಿದ್ದ, ಎದ್ದ, ಪ್ಯಾಂಟಿನ ಧೂಳು ಹೊಡೆದುಕೊಂಡ, ಅಪ್ಪನ ವಂಶದ ಬಗ್ಗೆ ಎರಡು ಮಾತಾಡಿ ಕಿಕ್ ಹೊಡೆದು ಹೊರಟುಹೋದ. ಅಷ್ಟೇ. ಗೀರು ಕೂಡ ಇಲ್ಲ. ಆದರೆ ಅವನು ಬಿದ್ದ ಕ್ಷಣದಲ್ಲಿ ಹಿಂದೆ ಕೂತಿದ್ದ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. "ಅಂಕಲ್, ಇನ್ನೊಂದ್ಸಲ! ಇನ್ನೊಂದ್ಸಲ!"

ಅಪ್ಪ ಒಂದೊಂದೇ ಮಗುವನ್ನು ಅವರವರ ಮನೆಗೆ ಬಿಟ್ಟ. ವ್ಯಾನನ್ನು ಮನೆಯ ಮುಂದೆ ನಿಲ್ಲಿಸಿದ. ಬೀಗದ ಕೈಯನ್ನು ಮೊಳೆಗೆ ನೇತುಹಾಕಿದ. ಮಾರನೇ ದಿನ ಅದನ್ನು ಇಳಿಸಲಿಲ್ಲ. "ಕೈ ಬರ್ತಿಲ್ಲ ಕಣೇ" ಎಂದು ಅಮ್ಮನಿಗೆ ಹೇಳಿದನಂತೆ. ತುಮಕೂರು ಕಡೆಯ ಒಬ್ಬ ಡ್ರೈವರ್ ಬದಲಿಗೆ ಬರತೊಡಗಿದ. ಒಂದು ವಾರದ ಮಾತೆಂದುಕೊಂಡೆವು. ಮೂರು ತಿಂಗಳಾಯಿತು. ಕೊನೆಗೆ ಬದಲಿಯವನೇ ಕೇಳಿದ, "ಅಣ್ಣಾ, ನೀವಂತೂ ಓಡ್ಸಲ್ಲ. ಗಾಡಿ ನಂಗೇ ಕೊಟ್ಬಿಡಿ." ಅಪ್ಪ ಹೂಂ ಎಂದ. ದಸರಾ ರಜೆ ಮುಗಿದು ಸ್ಕೂಲು ತೆರೆಯುವ ದಿನದಿಂದ ವ್ಯಾನು ಅವನದು ಎಂದು ಮಾತಾಯಿತು.

"ಆಮೇಲ್ ಏನ್ ಮಾಡ್ತೀರಾ?" ಎಂದಳು ಅಮ್ಮ.

"ಯಾವ್ದಾದ್ರೂ ಅಪಾರ್ಟ್‌ಮೆಂಟಲ್ಲಿ ಸೆಕ್ಯೂರಿಟಿ ಸೇರ್ಕೋತೀನಿ. ಕುರ್ಚಿ ಕೊಡ್ತಾರೆ. ಕುರ್ಚಿ ಯಾರಿಗೂ ಗುದ್ದಲ್ಲ."

ಅಜ್ಜಿ ಮೂರು ದಿನ ಮಗನ ಜೊತೆ ಮಾತು ಬಿಟ್ಟಳು. ನಾಲ್ಕನೇ ದಿನ ಮಾತಾಡಿದ್ದಕ್ಕಿಂತ ಆ ಮೂರು ದಿನವೇ ಚೆನ್ನಾಗಿತ್ತು.

ಇಷ್ಟು ವರ್ಷ ಬೆಳಿಗ್ಗೆ ಐದೂವರೆಗೆ ಎದ್ದು ಅಭ್ಯಾಸವಾದ ಮನುಷ್ಯನಿಗೆ ಐದೂವರೆಗೆ ಎಚ್ಚರವಾಗುವುದು ನಿಲ್ಲಲಿಲ್ಲ. ಎದ್ದು ಏನು ಮಾಡುವುದು? ಟ್ಯೂಷನ್ನಿಗೆ ಹೋಗುವ ಮೊದಲು ನಾನು ಒಂದು ಗಂಟೆ ಆಡುತ್ತಿದ್ದೆ. ಟೀ ಲೋಟ ಹಿಡಿದು ಪಕ್ಕದಲ್ಲಿ ಬಂದು ಕೂತ. ಒಂದು ವಾರ ಬರೀ ನೋಡಿದ. ಆಮೇಲೆ, "ನೀನು ಕ್ಲಚ್ಚೇ ಇಲ್ದಂಗೆ ಓಡಿಸ್ತಿದೀಯ, ಕೊಡಿಲ್ಲಿ" ಎಂದು ಕೈ ಚಾಚಿದ. ಕೈ ಬರುತ್ತಿಲ್ಲ ಎಂದಿದ್ದ ಕೈ.

ಈ ಸಾಲು ತೀರಾ ಚೆನ್ನಾಗಿ ಕೂತುಬಿಟ್ಟಿತು, ಅದಕ್ಕೇ ಅನುಮಾನ ಬಂತು. ಅಕ್ಕನಿಗೆ ಓದಿ ಹೇಳಿದೆ. "ಅವತ್ತು ನೀನು ಕೈಗೆ ಮೆಹೆಂದಿ ಹಾಕ್ಕೊಂಡಿದ್ದೆ ಕಣೇ, ಆಡಕ್ಕಾಗ್ದೆ ನೀನೇ ಅಪ್ಪಂಗೆ ಹಿಡ್ಕೋ ಅಂತ ಕೊಟ್ಟಿದ್ದು" ಎಂದಳು. ಇರಲಿ. ಕೈ ಬದಲಾದದ್ದಂತೂ ನಿಜ.

ಆ ಊರಲ್ಲಿ ಗಾಡಿಗಳು ರಸ್ತೆಯ ಬಲಗಡೆ ಹೋಗುತ್ತಿದ್ದವು. ಅಪ್ಪ ಮೊದಲ ದಿನ ಎಡಗಡೆ ಹೋಗಿ ಎದುರಿನವರೆಲ್ಲರ ಹಾರ್ನ್ ತಿಂದ. ಎರಡನೇ ದಿನದಿಂದ ಬಲಗಡೆಯ ಶಿಸ್ತು. ಕೆಂಪು ದೀಪ ಬಿದ್ದರೆ ನಿಲ್ಲುತ್ತಿದ್ದ. ಜನ ರಸ್ತೆ ದಾಟುತ್ತಿದ್ದರೆ ನಿಲ್ಲುತ್ತಿದ್ದ. ಒಮ್ಮೆ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ದುಷ್ಟರ ಎರಡು ಜೀಪು ಬಂದು ನಮ್ಮ ವ್ಯಾನಿನ ಮೇಲೆ ಗುಂಡಿನ ಮಳೆ ಸುರಿಸಿದವು.

"ಅಪ್ಪಾ, ಹೊಡೀತಿದಾರೆ! ಹೋಗು!"

"ಕೆಂಪಿದೆ ಕಣಮ್ಮಾ."

"ಅಪ್ಪಾ, ಹಾರು! ನೀನು ಹಾರಬಹುದು!"

"ಗಾಡಿ ಯಾರು ನೋಡ್ಕೋತಾರೆ?"

ಹೀರೋ ಸತ್ತ. ಅಡುಗೆಮನೆಯಿಂದ ಅಮ್ಮ, "ಇದ್ರಲ್ಲಾದ್ರೂ ನೆಮ್ಮದಿಯಾಗಿರ್ತಾರೆ ಅಂದ್ಕೊಂಡ್ರೆ ಇದ್ರಲ್ಲೂ ಟ್ರಾಫಿಕ್ಕಲ್ಲೇ ಸಾಯ್ತಾರಲ್ಲ" ಎಂದಳು. ಅಪ್ಪ ನಕ್ಕ. ಮೂರು ತಿಂಗಳಲ್ಲಿ ಮೊದಲ ನಗು ಎಂದು ಬರೆಯುವುದಿಲ್ಲ, ನಡುವೆ ಟಿವಿ ನೋಡಿ ಎಷ್ಟು ಸಲ ನಕ್ಕಿದ್ದನೋ.

ನಾನು ಆಟದ ಒಂದು ಮಿಷನ್ನಿನಲ್ಲಿ, ಅಂದರೆ ಒಂದು ಹಂತದಲ್ಲಿ, ಸಿಕ್ಕಿಹಾಕಿಕೊಂಡಿದ್ದೆ. ಅದರಲ್ಲಿ ದುಷ್ಟರ ಯಾವುದೋ ಯಂತ್ರದಿಂದ ಹೀರೋನ ಶಕ್ತಿಯೆಲ್ಲ ಹೋಗಿಬಿಡುತ್ತದೆ. ಹಾರುವಂತಿಲ್ಲ, ಎತ್ತಿ ಎಸೆಯುವಂತಿಲ್ಲ. ಬಂಧನದಿಂದ ಬಿಡಿಸಿಕೊಂಡು ಬಂದ ಹನ್ನೆರಡು ಜನರನ್ನು ಒಂದು ಲಾರಿಯಲ್ಲಿ ಕೂರಿಸಿಕೊಂಡು ಊರು ದಾಟಿ ಬಂದರಿಗೆ ಮುಟ್ಟಿಸಬೇಕು. ಲಾರಿಯ ತಲೆಯ ಮೇಲೆ ಗನ್ನು. ಪರದೆಯ ಮೂಲೆಯಲ್ಲಿ ಹನ್ನೆರಡು ಪುಟ್ಟ ಆಕೃತಿಗಳು. ಲಾರಿಗೆ ಪೆಟ್ಟು ಬಿದ್ದ ಹಾಗೆಲ್ಲ ಒಂದೊಂದು ಆರಿಹೋಗುತ್ತಿತ್ತು. ನಾನು ಶುರುವಿಂದಲೇ ಗನ್ನು ಹಾರಿಸುತ್ತಾ, ಜೀಪುಗಳನ್ನು ಉಡಾಯಿಸುತ್ತಾ, ಫುಟ್‌ಪಾತ್ ಹತ್ತಿಸಿಕೊಂಡು ಹೋಗುತ್ತಿದ್ದೆ. ಸೇತುವೆ ಮುಟ್ಟುವಾಗ ಉಳಿಯುತ್ತಿದ್ದವರು ಇಬ್ಬರೋ ಮೂವರೋ. ಬಂದರಿನ ಗೇಟನ್ನು ದೂರದಿಂದ ನೋಡಿದ್ದೆ, ದಾಟಿರಲಿಲ್ಲ.

ಆಯುಧಪೂಜೆಯ ದಿನ ಬೆಳಿಗ್ಗೆ ಅಪ್ಪ ಅದನ್ನು ಕೈಗೆ ತೆಗೆದುಕೊಂಡ.

ಲಾರಿ ಹೊರಟಿತು. ಇಪ್ಪತ್ತು, ಇಪ್ಪತ್ತೈದರ ವೇಗ. ಮೊದಲ ಕೆಂಪು ದೀಪಕ್ಕೆ ನಿಂತ. ಪಕ್ಕದಲ್ಲೇ ದುಷ್ಟರ ಜೀಪೊಂದು ಬಂದು ನಿಂತಿತು. ನಾನು ಕಣ್ಣು ಮುಚ್ಚಿಕೊಂಡೆ. ಹಸಿರು ಬಿತ್ತು, ಜೀಪು ತನ್ನ ಪಾಡಿಗೆ ಎಡಕ್ಕೆ ತಿರುಗಿ ಹೋಯಿತು. ಎರಡನೇ ದೀಪ, ಮೂರನೇ ದೀಪ. ಯಾರೂ ತಿರುಗಿಯೂ ನೋಡಲಿಲ್ಲ. ಆಗ ಗೊತ್ತಾಯಿತು: ಬೇರೆ ಕಡೆ ಹೇಗಿದ್ದರೂ ಈ ಮಿಷನ್ನಿನಲ್ಲಿ ವೇಗ ಮಾಡಿದರೆ, ಸಿಗ್ನಲ್ ಹಾರಿಸಿದರೆ, ಯಾರಿಗಾದರೂ ತಾಗಿಸಿದರೆ ಮಾತ್ರ ದುಷ್ಟರು ಬೆನ್ನು ಹತ್ತುತ್ತಿದ್ದರು. ಗೇಮ್ ಮಾಡಿದವರು ಆ ದಾರಿಯನ್ನೂ ಇಟ್ಟಿದ್ದರು. ಆರು ತಿಂಗಳಲ್ಲಿ ನನಗದು ತಿಳಿದಿರಲಿಲ್ಲ, ಯಾಕೆಂದರೆ ನಾನು ಒಂದೇ ಒಂದು ಸಿಗ್ನಲ್ಲಿಗೂ ನಿಂತಿರಲಿಲ್ಲ.

ಸೇತುವೆ ದಾಟಿತು. ಹನ್ನೆರಡೂ ಆಕೃತಿಗಳು ಉರಿಯುತ್ತಿದ್ದವು. ಬಂದರಿನ ಗೇಟಿಗೆ ಕೆಂಪು ಬಿಳಿ ಪಟ್ಟೆಯ ಮರದ ಅಡ್ಡಗಟ್ಟೆ ಹಾಕಿದ್ದರು. 'ಪೂರ್ತಿ ವೇಗದಲ್ಲಿ ಗುದ್ದು' ಎಂದು ಪರದೆಯ ಮೇಲೆ ಬಂತು. ಅಪ್ಪ ಲಾರಿ ನಿಲ್ಲಿಸಿದ.

"ಏನಂತೆ?"

"ಗುದ್ದಬೇಕಂತೆ."

"ಬೇರೆ ದಾರಿ?"

"ಇಲ್ಲಪ್ಪಾ."

"ಸರ್ವಿಸ್ ರೋಡು?"

"ಇಲ್ಲ! ಇದೇ ಮಿಷನ್ನು. ಗುದ್ದಿದ್ರೆ ಮುಗೀತು, ಗೆದ್ದಂಗೆ."

"ಹಿಂದೆ ಹನ್ನೆರಡು ಜನ ಕೂತಿದ್ದಾರೆ ಕಣಮ್ಮಾ."

"ಅವ್ರಿಗೆ ಏನೂ ಆಗಲ್ಲಪ್ಪಾ. ಗೇಮು."

"ಅವತ್ತೂ ಏನೂ ಆಗ್ಲಿಲ್ಲ" ಎಂದ.

ಆಟವನ್ನು ಅಲ್ಲೇ ತಡೆಹಿಡಿದು ಕಂಟ್ರೋಲರನ್ನು ನೆಲದ ಮೇಲಿಟ್ಟ. ಮಿಷನ್ನಿನ ನಡುವೆ ಸೇವ್ ಮಾಡಲು ಬರುತ್ತಿರಲಿಲ್ಲ. ಆಫ್ ಮಾಡಿದರೆ ಮೊದಲಿಂದ. ಪೆಟ್ಟಿಗೆ ಹಾಗೇ ಗುಂಯ್ ಎನ್ನುತ್ತಾ ಕೂತಿತು. ಟಿವಿಯ ಮೇಲೆ ಅಡ್ಡಗಟ್ಟೆ, ಅದರ ಮುಂದೆ ಅಲುಗದ ಲಾರಿ.

ಅಷ್ಟರಲ್ಲಿ ಅಜ್ಜಿ ಪೂಜೆಗೆ ಸಾಮಾನು ಜೋಡಿಸತೊಡಗಿದಳು. ಕುಡುಗೋಲು, ಮಚ್ಚು, ಅಮ್ಮನ ಹೊಲಿಗೆ ಯಂತ್ರ, ಅಪ್ಪನ ಜಾಕು, ಸ್ಪ್ಯಾನರುಗಳು. ಎಲ್ಲವನ್ನೂ ದೇವರ ಗೂಡಿನ ಮುಂದೆ ಇಡುವುದು ರೂಢಿ. ಆ ವರ್ಷ ಅವಳು ಒಂದೊಂದಾಗಿ ತಂದು ಟಿವಿ ಸ್ಟ್ಯಾಂಡಿನ ಮುಂದೆ ಇಟ್ಟಳು.

"ಅಲ್ಲ್ಯಾಕಮ್ಮಾ?" ಎಂದ ಅಪ್ಪ.

"ಅದು ವಯರ್ ಬಿಟ್ಟು ಬರಲ್ಲವಲ್ಲ, ಅದ್ಕೆ." ಪೆಟ್ಟಿಗೆಗೆ ಅರಿಶಿನ ಹಚ್ಚಿದಳು, ಕುಂಕುಮ ಇಟ್ಟಳು, ಕಂಟ್ರೋಲರಿಗೊಂದು ಸೇವಂತಿಗೆ ಸಿಕ್ಕಿಸಿದಳು. "ಈ ವರ್ಸ ನೀನು ಓಡ್ಸಿರಾದು ಇದೊಂದೇ ತಾನೇನ್ಲಾ? ಓಡ್ಸಿದ್ದಕ್ಕೆ ಪೂಜೆ ಮಾಡ್ಬೇಕು."

ಅಕ್ಕನೂ ನಾನೂ ನಗು ತಡೆಯಲು ಬಾಗಿಲ ಹಿಂದೆ ಹೋದೆವು. ಅಜ್ಜಿ ಮಂಗಳಾರತಿ ಎತ್ತಿದಳು, ಟಿವಿಯ ಕೊರಳಿಗೊಂದು ಹೂಮಾಲೆ ಹಾಕಿದಳು, ತೀರ್ಪು ಕೊಟ್ಟಳು: ಪೂಜೆಗಿಟ್ಟದ್ದನ್ನು ನಾಳೆ ಬೆಳಿಗ್ಗೆ ತನಕ ಯಾರೂ ಮುಟ್ಟುವಂತಿಲ್ಲ. ಬಂದರಿನ ಗೇಟು ಚೆಂಡುಹೂವಿನ ನಡುವಿಂದ ಹೊಳೆಯುತ್ತಿತ್ತು.

ಆಮೇಲೆ ವ್ಯಾನಿನ ಪೂಜೆ. ತೊಳೆದು, ಎರಡೂ ಬದಿಗೆ ಬಾಳೆಕಂದು ಕಟ್ಟಿ, ಬೂದುಗುಂಬಳ ಒಡೆದು, ನಾಲ್ಕು ಚಕ್ರದ ಮುಂದೆ ನಾಲ್ಕು ನಿಂಬೆಹಣ್ಣು ಇಟ್ಟದ್ದಾಯಿತು. ಇನ್ನು ಗಾಡಿ ಮುಂದಕ್ಕೆ ಚಲಿಸಿ ನಿಂಬೆಹಣ್ಣು ಅಪ್ಪಚ್ಚಿಯಾದರೆ ಪೂಜೆ ಮುಗಿದಂತೆ. ಚಲಿಸುವವರು ಯಾರು? ಬದಲಿ ಡ್ರೈವರ್ ಬರುತ್ತೇನೆಂದಿದ್ದ. ಹತ್ತು ಗಂಟೆಗೆ ಫೋನ್ ಮಾಡಿದ: ಊರಲ್ಲೇ ಸಿಕ್ಕಿಹಾಕಿಕೊಂಡಿದ್ದೀನಿ, ಬಸ್ಸೆಲ್ಲ ತುಂಬಿ ಬರ್ತಿವೆ, ನಾಳೆ ಬರ್ತೀನಿ.

"ನಾಳೆ ಬಂದು ಹತ್ತಿಸ್ತಾನೆ ಬಿಡು" ಎಂದ ಅಪ್ಪ.

"ನಿಂಬೆಣ್ಣು ನಿನ್ ಬದಲಿ ಬರಗಂಟ ಕಾಯ್ಕೊಂಡ್ ಕೂತಿರ್ತದಾ? ಪಕ್ಕದ್ ಮನೆಯೋರ್ನ ಕರ್ದೀಯಾ, ಉಸಾರು. ಒಲ ನಂದು. ಓಡ್ಸಿದ್ರೆ ನೀನ್ ಓಡ್ಸು, ಇಲ್ಲ ಅಂಗೇ ಇರ್ಲಿ."

ಹಾಗೇ ಇತ್ತು. ಹನ್ನೊಂದರ ಸುಮಾರಿಗೆ ನೀರಿನ ಟ್ಯಾಂಕರ್ ಬೀದಿಗೆ ನುಗ್ಗಿತು.

ನಮ್ಮ ಸಂಪು ಎರಡು ದಿನದಿಂದ ಒಣಗಿತ್ತು; ಅಮ್ಮ ಎಷ್ಟು ಫೋನ್ ಮಾಡಿ ಅವನನ್ನು ಕರೆಸಿದ್ದಳೋ. ಅವನದೂ ಪೂಜೆ ಮುಗಿಸಿ ಬಂದ ಲಾರಿ, ಮೂತಿಗೆ ನಮ್ಮ ವ್ಯಾನಿನದಕ್ಕಿಂತ ದಪ್ಪ ಹಾರ, ಗಾಜಿನ ಮೇಲೆ ವಿಭೂತಿಯ ಮೂರು ಪಟ್ಟೆ. ವ್ಯಾನಿನ ಎದುರಿಗೆ ಬಂದು ನಿಂತು ಹಾರ್ನ್ ಒತ್ತಿಹಿಡಿದ.

"ಯಾರ್ದ್ರೀ ವ್ಯಾನು? ಹಿಂದಕ್ ತೆಗೀರಿ! ಇನ್ನೂ ಆರು ಮನೆ ಐತೆ!"

"ರೀ, ನೀರು!" ಎಂದಳು ಒಳಗಿಂದ ಅಮ್ಮ.

ಅಪ್ಪ ಮೊಳೆಯಿಂದ ಬೀಗದ ಕೈ ತೆಗೆದ. ಹೇಗೆ ತೆಗೆದ, ಒಂದು ಕ್ಷಣ ನಿಂತನೇ, ನನಗೆ ಗೊತ್ತಿಲ್ಲ. ನಾನು ಆಗ ವ್ಯಾನಿನ ಹಿಂದಿನ ಸೀಟಿನಲ್ಲಿ ಮೊಣಕಾಲೂರಿ ಬಣ್ಣದ ಕಾಗದ ಅಂಟಿಸುತ್ತಿದ್ದೆ. ಅವನು ಬಂದು ಡ್ರೈವರ್ ಸೀಟಿನಲ್ಲಿ ಕೂತಾಗ ವ್ಯಾನು ಸ್ವಲ್ಪ ಅಲುಗಿತು, ಅಷ್ಟು ಗೊತ್ತು. ಕನ್ನಡಿಯಲ್ಲಿ ನನ್ನನ್ನು ನೋಡಿದ.

"ಇಳಿ."

"ಇಳಿಯಲ್ಲ."

ಎಷ್ಟು ಧೈರ್ಯವಾಗಿ ಕೇಳಿಸುತ್ತದೆ! ಅಪ್ಪನ ಮೇಲೆ ನಂಬಿಕೆಯಿಟ್ಟು ಕೂತ ಮಗಳು. ನಿಜವೆಂದರೆ ಪಕ್ಕದ ಬಾಗಿಲಿನ ಹಿಡಿಗೆ ಅಕ್ಕ ಬಾಳೆಕಂದನ್ನು ಸುತಲಿಯಿಂದ ಬಿಗಿದು ಕಟ್ಟಿದ್ದಳು. ತೆಗೆಯಲು ಬರುತ್ತಿರಲಿಲ್ಲ.

ಅಪ್ಪ ಗಾಡಿ ಸ್ಟಾರ್ಟ್ ಮಾಡಿ ರಿವರ್ಸ್ ಹಾಕಿದ. ಹಿಂದಿನ ಗಾಜಿನಲ್ಲಿ ಅಜ್ಜಿ ಕಂಡಳು, ಎರಡೂ ಕೈ ಅಗಲಿಸಿ ನಿಂತಿದ್ದಳು.

"ಇಂದಕ್ ಬಂದ್ರೆ ನಿಂಬೆಣ್ಣು ಅಂಗೇ ಉಳೀತದೆ. ಮುಂದಕ್ ಓಗ್ಲಾ!"

"ಅಮ್ಮಾ, ಪಕ್ಕಕ್ ಬಾ! ಮುಂದೆ ಟ್ಯಾಂಕರ್ ಐತೆ!"

ಟ್ಯಾಂಕರಿನವನು ಕಿಟಕಿಯಿಂದ ತಲೆ ಹಾಕಿದ. "ಅಜ್ಜೀ, ಮುಂದೆ ನಾನಿದೀನಿ ಕಣಜ್ಜೀ, ಕಣ್ ಕಾಣಲ್ವಾ?"

"ಕಾಣ್ತದಪ್ಪ. ನೀನೇ ಇಂದಕ್ ಓಗು. ನಿನ್ ನಿಂಬೆಣ್ಣು ಆಗ್ಲೇ ಅಪ್ಪಚ್ಚಿ ಆಗೈತಲ್ಲ!"

"ನೀರು ತುಂಬ್ಕೊಂಡಿದೀನಿ, ರಿವರ್ಸ್ ಹೆಂಗ್ ಓಗ್ಲಿ?"

"ಬಂದಂಗೇ ಓಗು."

ಬೀದಿಯ ಜನವೆಲ್ಲ ಬಾಗಿಲಿಗೆ ಬಂದಿದ್ದರು. ಹಿಂದೆ ಅಜ್ಜಿ, ಹೋಗುವಂತಿಲ್ಲ, ಮುಂದೆ ತುಂಬಿದ ಟ್ಯಾಂಕರು. ಬೇರೆ ದಾರಿ ಇಲ್ಲ, ಸರ್ವಿಸ್ ರೋಡಿಲ್ಲ. ಅಪ್ಪ ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟು ಕೂತ. ಆ ಹೊತ್ತಿನಲ್ಲಿ ನಾನು "ಮೆಲ್ಲಗೆ ಹೋಗಪ್ಪಾ" ಎಂದೆ.

"ಸುಳ್ಳು" ಎನ್ನುತ್ತಾಳೆ ಅಕ್ಕ. "ನೀನು ಸೀಟಿನ ಮೇಲೆ ಕುಣೀತಾ ಗುದ್ದು ಗುದ್ದು ಅಂತ ಕಿರುಚ್ತಿದ್ದೆ. ಇಡೀ ಬೀದಿಗೆ ಕೇಳಿಸ್ತು."

ಅವಳು ಹೇಳುವುದೇ ನಿಜವಿದ್ದರೆ, ಹೆಬ್ಬಾಳದಲ್ಲಿ ಆ ಮಕ್ಕಳು ಮಾಡಿದ್ದನ್ನೇ ನಾನೂ ಮಾಡಿದೆ. ಹಾಗಿದ್ದೂ ಅಪ್ಪ ಬೀಗದ ಕೈ ತಿರುಗಿಸಿ ಇಳಿದುಹೋಗಲಿಲ್ಲ. ಫಸ್ಟ್ ಗೇರ್ ಹಾಕಿದ. ಬ್ರೇಕಿನಿಂದ ಕಾಲು ತೆಗೆದ.

ಪಚಕ್. ನಾಲ್ಕು ನಿಂಬೆಹಣ್ಣು. ಅಕ್ಕನ ಪ್ರಕಾರ ಮೂರೇ, ಒಂದು ಉರುಳಿ ಮೋರಿಗೆ ಬಿತ್ತು. ವ್ಯಾನು ನಡೆಯುವವರ ವೇಗದಲ್ಲಿ ಮುಂದೆ ಹೋಯಿತು, ಟ್ಯಾಂಕರಿನ ಹಾರದಿಂದ ಒಂದು ಗೇಣು ಈಚೆ ನಿಂತಿತು. ಅಪ್ಪ ಹಾರ್ನ್ ಮಾಡಲಿಲ್ಲ. ಕೈ ಬೀಸಲಿಲ್ಲ. ಕೆಂಪು ದೀಪದ ಮುಂದೆ ಕೂರುತ್ತಿದ್ದ ಹಾಗೆಯೇ ಸುಮ್ಮನೆ ಕೂತ. ಟ್ಯಾಂಕರಿನವನು ಬಯ್ದ, ಹಾರ್ನ್ ಒತ್ತಿದ, ಮತ್ತೆ ಬಯ್ದ. ಬಯ್ಯುವುದಕ್ಕೆ ಏನೂ ಉಳಿಯದೇ ಹೋದಾಗ ರಿವರ್ಸ್ ಹಾಕಿದ. ಅವನು ಒಂದು ಮಾರು ಹಿಂದೆ ಹೋದರೆ ನಾವು ಒಂದು ಮಾರು ಮುಂದೆ. ಹೂವಿನ ಹಾರ ಹಾಕಿಕೊಂಡ ಎರಡು ಗಾಡಿಗಳು ಮುಖಕ್ಕೆ ಮುಖ ಕೊಟ್ಟುಕೊಂಡು ಇಡೀ ಬೀದಿ ಹಾಗೇ ಸಾಗಿದವು. ಟ್ಯಾಂಕರಿನಿಂದ ನೀರು ತುಳುಕುತ್ತಿತ್ತು. ಮುಖ್ಯರಸ್ತೆಗೆ ಬಿದ್ದ ಮೇಲೆ ಅವನು, "ನೀರ್ ಬೇಡ್ವಾದ್ರೆ ಮೊದ್ಲೇ ಹೇಳೋದಲ್ವೇನ್ರೀ!" ಎಂದು ಕೂಗಿ ಬೇರೆ ಬೀದಿಗೆ ಹೊರಟುಹೋದ.

ನಾವು ಹೋದದ್ದು ಹೆಬ್ಬಾಳದ ಕಡೆಗೆ. ಹಬ್ಬದ ದಿನ, ರಸ್ತೆ ಅರ್ಧ ಖಾಲಿ. ಒಂದು ಸಿಗ್ನಲ್ಲಿನಲ್ಲಿ ಬರೀ ಹಳದಿ ದೀಪ ಮಿಣುಕುತ್ತಿತ್ತು, ನಿಲ್ಲಬೇಕಾಗಿರಲಿಲ್ಲ. ಅಪ್ಪ ನಿಂತ. ಹಿಂದಿನ ಆಟೋದವನು, "ಏನ್ ಗುರು, ದೀಪ ಹಚ್ಚಕ್ ಕಾಯ್ತಿದೀಯಾ?" ಎಂದು ಪಕ್ಕದಿಂದ ಹಾದುಹೋದ. ಸ್ಕೂಟರ್ ಬಿದ್ದ ಜಾಗದಲ್ಲಿ ಅಪ್ಪ ನಿಧಾನಿಸಿದನೇ? ನನಗೆ ಆ ಜಾಗ ಯಾವುದೆಂದೇ ಗೊತ್ತಿರಲಿಲ್ಲ. ಅವನು ಹೇಳಲೂ ಇಲ್ಲ. ಯು-ಟರ್ನ್ ಹೊಡೆದು ವಾಪಸ್ ಬಂದೆವು.

ಮನೆಗೆ ಬಂದರೆ ಕರೆಂಟ್ ಹೋಗಿತ್ತು. ಟಿವಿ ಕಪ್ಪು, ಪೆಟ್ಟಿಗೆ ಮೌನ, ಕಂಟ್ರೋಲರಿನ ಮೇಲೆ ಬಾಡಿದ ಸೇವಂತಿಗೆ. ಆ ಮಿಷನ್ನು, ಆ ಹನ್ನೆರಡು ಜನ, ಎಲ್ಲ ಹೋಯಿತು. ಇಷ್ಟು ಖಂಡಿತ, ಅಕ್ಕ, ಅಮ್ಮ ಎಲ್ಲರೂ ಒಪ್ಪುತ್ತಾರೆ. ಆಮೇಲೆ ಅಪ್ಪ ಗೇಮ್ ಆಡಲಿಲ್ಲ, ಐದೂವರೆಗೆ ಬೇರೆ ಕೆಲಸವಿತ್ತು. ನನಗೆ ಸಿಗ್ನಲ್ಲಿನಲ್ಲಿ ನಿಲ್ಲುವ ತಾಳ್ಮೆ ಯಾವತ್ತೂ ಬರಲಿಲ್ಲ, ಆ ಗೇಟನ್ನು ನಾನೂ ದಾಟಲಿಲ್ಲ. ಆದರೆ ಅಡ್ಡಗಟ್ಟೆ ಒಡೆದು ಕೆಂಪು ಬಿಳಿ ಚಕ್ಕೆಗಳು ಗಾಜಿನ ಮೇಲೆ ಹಾರಿಬಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಪ್ಪನ ಪಕ್ಕದಲ್ಲಿ ಕೂತು ನೋಡಿದ್ದೇನೆ. ಎಲ್ಲಿಂದ ಬಂತು ಆ ಚಿತ್ರ? ಟ್ಯಾಂಕರಿನ ಬಂಪರಿಗೆ ಕೆಂಪು ಬಿಳಿ ಪಟ್ಟೆ ಇತ್ತೇ? ಅಕ್ಕನಿಗೆ ಫೋನ್ ಮಾಡಬಹುದು. ಮಾಡುವುದಿಲ್ಲ.

ಗೇಮಿನಿಂದಲೇ ಅಪ್ಪನ ಕೈ ವಾಪಸ್ ಬಂತು ಎಂದು ನಾನು ತುಂಬ ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ. ಒಮ್ಮೆ ಅಪ್ಪನನ್ನೇ ಕೇಳಿದೆ. "ನಿಮ್ಮಜ್ಜಿ ಹಿಂದೆ ನಿಂತ್ಬಿಟ್ಟಿದ್ಳಲ್ಲ ಕಣಮ್ಮಾ, ಇನ್ನೇನ್ ಮಾಡ್ಲಿ?" ಎಂದ.

ಆ ದಿನ ಬಾಗಿಲಲ್ಲಿ ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ನೀರೆಲ್ರೀ?"

ಅಪ್ಪ ಎಂಜಿನ್ ಆಫ್ ಮಾಡಿರಲಿಲ್ಲ. "ಬಿಂದಿಗೆ ಹತ್ಸು. ಹುಣಸಮಾರನಹಳ್ಳೀಲಿ ಚಿಕ್ಕಮ್ಮನ ಮನೆ ಬೋರಲ್ಲಿ ತುಂಬ್ಕೊಂಡು ಬರಣ."

"ಅಲ್ಲೀತಂಕ? ಯಾರು ಓಡ್ಸೋದು?"

"ಗಾಡಿ ಐತಲ್ಲ" ಎಂದ, ಕೇಳಿದ್ದಕ್ಕೆ ಉತ್ತರ ಅದಲ್ಲದಿದ್ದರೂ. ಅಜ್ಜಿ ಒಳಗೆ ಹೋಗಿ ಎರಡು ಕೊಡ ಎತ್ತಿಕೊಂಡು ಬಂದಳು.

ಹೊರಡುವ ಮೊದಲು ಬದಲಿ ಡ್ರೈವರಿಗೆ ಫೋನ್ ಮಾಡಿದ. "ನಾಳೆ ಬರೋದ್ ಬೇಡ ಕಣಪ್ಪ. ಸ್ಕೂಲ್ ತೆಗೆದ್ಮೇಲೂ ಬೇಡ. ಬೇಜಾರ್ ಮಾಡ್ಕೋಬೇಡ." ಆ ಕಡೆಯವನು ಏನಂದನೋ. "ಇಲ್ಲ ಇಲ್ಲ, ಕೊಡಲ್ಲ" ಎಂದು ಅಪ್ಪ ಇಟ್ಟ.

ಬರುವಾಗ ವ್ಯಾನಿನ ಹಿಂದೆ ತುಂಬಿದ ಕೊಡಗಳು, ಬಿಂದಿಗೆಗಳು, ಮುಚ್ಚಳವಿಲ್ಲದ ಒಂದು ಪೇಂಟ್ ಡಬ್ಬ. ನಾನು ಅವುಗಳ ನಡುವೆ ಕಾಲು ಮಡಚಿ ಕೂತು ಎರಡನ್ನು ಅಪ್ಪಿ ಹಿಡಿದಿದ್ದೆ. ಏರ್‌ಪೋರ್ಟ್ ರಸ್ತೆಯಲ್ಲಿ ಟ್ಯಾಕ್ಸಿಗಳು ಬಾಣದ ಹಾಗೆ ಹೋಗುತ್ತಿದ್ದವು. ಅಪ್ಪ ಎಡ ಅಂಚಿನಲ್ಲಿ, ಇಪ್ಪತ್ತು, ಇಪ್ಪತ್ತೈದು. ಕೊಡಗಳು ಹನ್ನೆರಡು ಇದ್ದವು ಎಂದು ಬರೆಯಲು ಕೈ ತುರಿಸುತ್ತಿದೆ. ನಾನು ಎಣಿಸಿರಲಿಲ್ಲ. ಕೊಡಿಗೇಹಳ್ಳಿಯ ತಿರುವಿನಲ್ಲಿ ದೊಡ್ಡದೊಂದು ಹಂಪ್ ಬಂತು. ಅಪ್ಪ ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿದ, ಸೆಕೆಂಡಿನಿಂದ ಫಸ್ಟಿಗೆ ಬಂದ, ಮುಂದಿನ ಚಕ್ರ ಹತ್ತಿಸಿ ಇಳಿಸಿದ, ಆಮೇಲೆ ಹಿಂದಿನದು.

"ಚೆಲ್ತಾ?"

"ಇಲ್ಲಪ್ಪಾ" ಎಂದೆ. ನನ್ನ ಲಂಗ ಪೂರ್ತಿ ಒದ್ದೆಯಾಗಿತ್ತು.